ಕ್ಯಾನ್ಸರ್ ಇದೆ, ಆದರೆ ಆಪರೇಷನ್ ಈಗ ಬೇಡ

ಐವತ್ತು ದಾಟಿದ ಗಂಡಸರ 'ಮಾಸ್ಟರ್ ಹೆಲ್ತ್ ಚೆಕಪ್' ಪಟ್ಟಿಯಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯೇಟಿನಿನ್ ಎಲ್ಲ ಮುಗಿದ ಮೇಲೆ ಕೊನೆಯಲ್ಲೆಲ್ಲೋ ಮೂರಕ್ಷರ ಇರುತ್ತೆ: ಪಿಎಸ್‌ಎ. ಅದೇನು ಅಂತ ಹೆಚ್ಚಿನವರು ಕೇಳುವುದಿಲ್ಲ, ಲ್ಯಾಬಿನವರೂ ಹೇಳುವುದಿಲ್ಲ. ಪ್ಯಾಕೇಜಿನಲ್ಲಿ ಸೇರಿದೆ, ರಕ್ತ ಹೇಗೂ ತೆಗೆದಾಗಿದೆ, ಆಗಲಿ ಬಿಡು ಎನ್ನುವ ಧೋರಣೆ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂದಾಗ ಆ ಸಾಲಿನ ಸಂಖ್ಯೆ ದಪ್ಪಕ್ಷರದಲ್ಲಿ ಕಂಡರೆ ಮಾತ್ರ ಅವತ್ತಿನಿಂದ ಮನೆಮಂದಿಯ ನಿದ್ದೆ ಹೋಯಿತು ಅಂತಲೇ ಲೆಕ್ಕ.

ಪ್ರಾಸ್ಟೇಟ್ ಎನ್ನುವುದು ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ಹರೆಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿದ್ದು, ವಯಸ್ಸಾದಂತೆ ಊದುತ್ತದೆ. ರಾತ್ರಿ ಮೂರ್ನಾಲ್ಕು ಸಲ ಎದ್ದು ಹೋಗಬೇಕಾಗುವುದು, ಧಾರೆ ಸಣ್ಣದಾಗುವುದು ಸಾಮಾನ್ಯವಾಗಿ ಈ ಊತದಿಂದಲೇ. ಅದು ಕ್ಯಾನ್ಸರ್ ಅಲ್ಲ. ಈ ಗ್ರಂಥಿ ತಯಾರಿಸುವ ಒಂದು ಪ್ರೋಟೀನು ಸ್ವಲ್ಪ ಮಟ್ಟಿಗೆ ರಕ್ತಕ್ಕೂ ಸೋರುತ್ತದೆ. ಅದರ ಅಳತೆಯೇ ಪಿಎಸ್‌ಎ. 4ಕ್ಕಿಂತ ಹೆಚ್ಚಿದ್ದರೆ ಲ್ಯಾಬಿನ ಕಂಪ್ಯೂಟರ್ ದಪ್ಪಕ್ಷರ ಒತ್ತುತ್ತದೆ. ಆದರೆ ಗ್ರಂಥಿ ಊದಿದ್ದರೂ, ಸೋಂಕಾಗಿದ್ದರೂ, ಹಿಂದಿನ ದಿನ ಹೆಚ್ಚು ಸೈಕಲ್ ಹೊಡೆದಿದ್ದರೂ ಅದು ಏರಬಹುದು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಇದು ಪರಿಚಯದ ಸಂಗತಿ: ಅಲಾರ್ಮ್ ಹೊಡೆದುಕೊಂಡಿದ್ದು ನಿಜ, ಬೆಂಕಿ ಬಿದ್ದಿದೆಯೋ ಒಗ್ಗರಣೆ ಹೊಗೆಯೋ ಅಂತ ಹೋಗಿ ನೋಡಿಯೇ ತಿಳಿಯಬೇಕು.

ನಮ್ಮ ಮನೆಯಲ್ಲಿ ಈ ಅಲಾರ್ಮ್ ಹೊಡೆದದ್ದು ದೊಡ್ಡಪ್ಪನಿಗೆ. ಹಾಸನದ ಕಡೆ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು, ಆಗ ವಯಸ್ಸು 69. ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೊಂದು ಸ್ಟೆಂಟ್ ಬಿದ್ದಿದೆ. ಪಿಎಸ್‌ಎ 7.2 ಬಂತು. ಆರು ವಾರ ಬಿಟ್ಟು ಮತ್ತೆ ಮಾಡಿಸಿದಾಗ 6.6. ಎಂಆರ್‌ಐನಲ್ಲಿ ಒಂದು ಕಡೆ ಅನುಮಾನದ ಮಚ್ಚೆ. ಬಯಾಪ್ಸಿಯಲ್ಲಿ ತೆಗೆದ 14 ಸೂಜಿ ಎಳೆಗಳಲ್ಲಿ ಎರಡರಲ್ಲಿ ಕ್ಯಾನ್ಸರ್. ರಿಪೋರ್ಟಿನ ಇಂಗ್ಲಿಷ್ ಓದಲು ಮನೆಯಲ್ಲಿ 'ಇಂಜಿನಿಯರ್ ಹುಡುಗ' ಇದ್ದಾನಲ್ಲ ಅಂತ ಆ ಫೈಲು ನನ್ನ ಕೈಗೆ ಬಂತು. ಈ ಲೇಖನ ಹುಟ್ಟಿದ್ದು ಆ ಫೈಲಿನಿಂದ.

ಬಯಾಪ್ಸಿ ಮಾಡಿದ ಆಸ್ಪತ್ರೆಯವರು ಎರಡು ವಾರದೊಳಗೆ ರೋಬೋಟ್ ಆಪರೇಷನ್ ಆಗಲಿ ಎಂದರು. ಪ್ಯಾಕೇಜ್ ಎಷ್ಟು, ಇನ್ಶೂರೆನ್ಸ್ ಎಷ್ಟು ಬರುತ್ತದೆ, ಮುಂಗಡ ಎಷ್ಟು ಎಂದೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ದೊಡ್ಡಪ್ಪನ ಮಗ, ನಮ್ಮಣ್ಣ, ಹಾಳೆ ಹಿಡಿದುಕೊಂಡು ಸಹಿ ಹಾಕಲು ಹೊರಟಿದ್ದ. ಮೈಸೂರಿನ ಅಕ್ಕ ಇನ್ನೊಬ್ಬರಿಗೆ ತೋರಿಸಿಯೇ ಮುಂದಿನ ಮಾತು ಅಂತ ಹಟ ಹಿಡಿದಳು. ಹಾಗೆ ಹೋದದ್ದು ಇನ್ನೊಬ್ಬ ಯೂರಾಲಜಿಸ್ಟ್ ಹತ್ತಿರ. ಅರವತ್ತರ ಆಸುಪಾಸಿನವರು, ನಿಧಾನಕ್ಕೆ ಮಾತಾಡುವವರು. ಫೈಲು ಪೂರ್ತಿ ಓದಿ, ಕನ್ನಡಕ ತೆಗೆದು, "ಯಜಮಾನ್ರೇ, ಇದು ಕ್ಯಾನ್ಸರ್ ಹೌದು. ಆದ್ರೆ ಈಗ್ಲೇ ತೆಗೀಬೇಕಾದ್ದಲ್ಲ. ಆರು ತಿಂಗ್ಳಿಗೊಂದ್ಸಲ ಬರ್ತಾ ಇರಿ, ಕಣ್ಣಿಟ್ಟು ನೋಡೋಣ" ಅಂದರು.

ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಕೈ ಬಿಟ್ರಾ ಡಾಕ್ಟ್ರೇ?" ಎಂದು ಕೇಳಿದರು.

ಇಡೀ ವಿಷಯದ ಕಷ್ಟ ಈ ಒಂದು ಪ್ರಶ್ನೆಯಲ್ಲೇ ಇದೆ ಅನ್ನಿಸುತ್ತದೆ ನನಗೆ. ನಮ್ಮ ಕಡೆ ಡಾಕ್ಟರು 'ಮನೆಗೆ ಕರ್ಕೊಂಡ್ ಹೋಗಿ' ಅಂದರೆ ಅದಕ್ಕೆ ಒಂದೇ ಅರ್ಥ. ಏನೂ ಮಾಡುವುದು ಬೇಡ ಎನ್ನುವ ಮಾತು ಧೈರ್ಯದ ಮಾತೂ ಆಗಿರಬಹುದು ಎಂಬ ಅನುಭವ ನಮಗಿಲ್ಲ. ಅದಕ್ಕೆ ಡಾಕ್ಟರು, "ಕೈ ಬಿಡೋದಾಗಿದ್ರೆ ಆರು ತಿಂಗ್ಳಿಗೆ ಬನ್ನಿ ಅಂತ ಯಾಕ್ ಕರೀಲಿ?" ಎಂದು ನಕ್ಕರು. ದೊಡ್ಡಪ್ಪ ನಗಲಿಲ್ಲ.

ಆರು ಅಂದರೆ ಕಡಿಮೆಯೋ ಜಾಸ್ತಿಯೋ

ಬಯಾಪ್ಸಿ ರಿಪೋರ್ಟಿನಲ್ಲಿ ಇದ್ದದ್ದು 'ಗ್ಲೀಸನ್ 3+3=6'. ಹತ್ತಕ್ಕೆ ಆರು ಎಂದರೆ ಅರ್ಧ ದಾರಿ ದಾಟಿದೆ ಎಂದೇ ಎಲ್ಲರೂ ತಿಳಿಯುವುದು. ನಮ್ಮಣ್ಣನೂ ಹಾಗೇ ತಿಳಿದಿದ್ದ. ಲೆಕ್ಕ ಬೇರೆ ಇದೆ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಡೊನಾಲ್ಡ್ ಗ್ಲೀಸನ್ ಎಂಬ ಪೆಥಾಲಜಿಸ್ಟ್ 1960ರ ದಶಕದಲ್ಲಿ ಈ ಪದ್ಧತಿ ಹುಟ್ಟುಹಾಕಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಕೋಶಗಳು ಎಷ್ಟು ಶಿಸ್ತಾಗಿ ಕೂತಿವೆ, ಎಷ್ಟು ಚೆಲ್ಲಾಪಿಲ್ಲಿಯಾಗಿವೆ ಎಂಬುದಕ್ಕೆ 1ರಿಂದ 5ರವರೆಗೆ ಅಂಕ. ಹೆಚ್ಚು ಕಾಣುವ ಎರಡು ಬಗೆಗಳ ಅಂಕ ಕೂಡಿಸಿದರೆ ಗ್ಲೀಸನ್ ಸ್ಕೋರ್. ಬಯಾಪ್ಸಿಯಲ್ಲಿ ಈಗ 1 ಮತ್ತು 2ನ್ನು ಯಾರೂ ಕೊಡುವುದಿಲ್ಲ, ಹಾಗಾಗಿ ಕೂಡಿದರೆ ಬರುವ ಅತಿ ಕಡಿಮೆ ಅಂಕವೇ 6. ಅಂದರೆ ಆರರಿಂದ ಹತ್ತರವರೆಗಿನ ಏಣಿಯಲ್ಲಿ ಆರು ಮೊದಲ ಮೆಟ್ಟಿಲು. ಈ ಗೊಂದಲ ತಪ್ಪಿಸಲೆಂದೇ 2014ರಲ್ಲಿ ತಜ್ಞರು ಸೇರಿ 1ರಿಂದ 5ರ 'ಗ್ರೇಡ್ ಗ್ರೂಪ್' ಎಂಬ ಹೊಸ ಏಣಿ ಮಾಡಿದರು. ಹಳೆಯ 6 ಹೊಸದರಲ್ಲಿ 1. ನಮ್ಮ ರಿಪೋರ್ಟುಗಳಲ್ಲಿ ಎರಡನ್ನೂ ಒಟ್ಟೊಟ್ಟಿಗೆ ಬರೆಯುತ್ತಾರೆ. ಓದುವಾಗ ಗ್ರೇಡ್ ಗ್ರೂಪ್ ಸಾಲನ್ನು ಮೊದಲು ಹುಡುಕಿ.

ಅಪ್ಪಟ ಗ್ಲೀಸನ್ 6 ಗ್ರಂಥಿ ಬಿಟ್ಟು ಬೇರೆ ಅಂಗಕ್ಕೆ ಹರಡುವುದು ಅತಿ ಅಪರೂಪ. ಎಷ್ಟು ಅಪರೂಪ ಎಂದರೆ, ಇದನ್ನು ಕ್ಯಾನ್ಸರ್ ಎಂದು ಕರೆಯುವುದನ್ನೇ ನಿಲ್ಲಿಸೋಣ ಎಂದು 2022ರಲ್ಲಿ ಕೆಲವು ತಜ್ಞರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಾದ ಮಂಡಿಸಿದರು. ಆ ಪದ ಕೇಳಿದ ತಕ್ಷಣ ಜನ ಬೇಡದ ಆಪರೇಷನ್ನಿಗೆ ಓಡುತ್ತಾರೆ ಎಂಬುದು ಅವರ ಕಾರಣ. ಹೆಸರು ತೆಗೆದರೆ ಜನ ತಪಾಸಣೆಗೇ ಬರುವುದಿಲ್ಲ ಎಂಬುದು ಎದುರು ವಾದ. ನನಗೆ ಎರಡನೆಯವರ ಮಾತೇ ನಮ್ಮ ದೇಶಕ್ಕೆ ಹೆಚ್ಚು ಒಪ್ಪುತ್ತದೆ ಅನ್ನಿಸುತ್ತದೆ. 'ಏನೂ ಇಲ್ಲ' ಎಂದು ಕೇಳಿಸಿಕೊಂಡ ನಮ್ಮ ದೊಡ್ಡಪ್ಪನಂಥವರು ಆರು ತಿಂಗಳ ನಂತರ ಬಸ್ಸು ಹತ್ತಿ ಬರುವುದು ಸುಳ್ಳು.

ಬೇರೆ ಕಾರಣದಿಂದ ತೀರಿಕೊಂಡ ಗಂಡಸರ ಮರಣೋತ್ತರ ಪರೀಕ್ಷೆಗಳಿಂದ ಇನ್ನೊಂದು ಸಂಗತಿ ಬಹಳ ಹಿಂದೆಯೇ ಗೊತ್ತಾಗಿತ್ತು. ವಯಸ್ಸು ಏರಿದಂತೆ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್ ಕೋಶಗಳು ಸಿಗುವುದೂ ಏರುತ್ತದೆ. ಎಂಬತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಅವು ಇರುತ್ತವೆ. ಬದುಕಿದ್ದಷ್ಟು ದಿನ ಅವರಿಗೆ ಅದರ ಸುಳಿವೇ ಇರಲಿಲ್ಲ.

ಹಾವಿನ ಮಾತು

ದೊಡ್ಡಮ್ಮನಿಗೆ ಈ ಅಂಕಿ ಅಂಶ ಯಾವುದೂ ಬೇಕಿರಲಿಲ್ಲ. ಊರಿಗೆ ಹೋಗಿ ಎಲ್ಲ ವಿವರಿಸಿ ಹೇಳಿದಾಗ ಅವರು ಕೇಳಿದ್ದು: "ಮನೆ ಒಳಕ್ಕೆ ಹಾವು ಸೇರ್ಕಂಡೈತೆ ಅಂತ ಗೊತ್ತಾದ್ಮೇಲೆ ಬಾಗ್ಲು ಹಾಕ್ಕಂಡು ಹೆಂಗಪ್ಪ ಮಲಗಾದು?"

ದೊಡ್ಡಪ್ಪ ಅಷ್ಟು ಹೊತ್ತಿಗೆ ಸ್ವಲ್ಪ ಸುಧಾರಿಸಿಕೊಂಡಿದ್ದರು. "ಕೇರೆ ಹಾವು ಕಣೆ, ನಾಗ್ರಾವಲ್ಲ" ಅಂದರು.

"ಕೇರೆ ಅಂತ ಹೇಳ್ದೋರ್ಯಾರು? ಬಾಲ ನೋಡಿ ಹೇಳಿರ್ತಾರೆ."

ದೊಡ್ಡಮ್ಮ ಎತ್ತಿದ್ದು ಸರಿಯಾದ ಪ್ರಶ್ನೆ. ಕೇರೆ ಹಾವು ಮುಂದೊಂದು ದಿನ ನಾಗರಹಾವು ಆಗಿಬಿಟ್ಟರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಅದು ಆಗುವುದು ಕಡಿಮೆ. ಹೆಚ್ಚಿನ ಅಪಾಯ ಬೇರೆ: ಅದೇ ಬಿಲದಲ್ಲಿ ನಾಗರಹಾವೂ ಇದ್ದು, ನಮ್ಮ ಕೈಗೆ ಕೇರೆಯ ಬಾಲ ಮಾತ್ರ ಸಿಕ್ಕಿರಬಹುದು. ಬಯಾಪ್ಸಿ ಸೂಜಿ ಗ್ರಂಥಿಯ ಬಹಳ ಸಣ್ಣ ಪಾಲನ್ನಷ್ಟೇ ತೆಗೆಯುತ್ತದೆ. ಮೊದಲ ಸಲ 6 ಎಂದು ಬಂದು ಮುಂದಿನ ಬಯಾಪ್ಸಿಯಲ್ಲಿ 7 ಬಂದರೆ, ಹಲವು ಸಲ ಅದು ಬೆಳೆದದ್ದಲ್ಲ, ಮೊದಲೇ ಇದ್ದು ಸೂಜಿಗೆ ತಪ್ಪಿಸಿಕೊಂಡದ್ದು. ಅದಕ್ಕಾಗಿಯೇ ಬಯಾಪ್ಸಿಗೆ ಮುಂಚೆ ಎಂಆರ್‌ಐ ಮಾಡಿ, ಅನುಮಾನ ಕಂಡ ಜಾಗಕ್ಕೇ ಗುರಿಯಿಟ್ಟು ಸೂಜಿ ಹಾಕುವುದು ಈಗಿನ ಕ್ರಮ. ಮೊದಲ ವರ್ಷದೊಳಗೆ ಇನ್ನೊಮ್ಮೆ ಬಯಾಪ್ಸಿ ಮಾಡುವುದೂ ಇದಕ್ಕೇ. ಇದನ್ನು ದೊಡ್ಡಮ್ಮನಿಗೆ ಹೇಳಿದಾಗ, "ಅಂಗಾರೆ ಒಂದ್ ವರ್ಷ ನೋಡಾನ" ಎಂದು ಒಪ್ಪಿದರು. ಮನೆಯಲ್ಲಿ ಅವರು ಒಪ್ಪಿದ ಮೇಲೆ ಉಳಿದವರ ಮಾತು ನಡೆಯುವುದಿಲ್ಲ.

ಟೊರಾಂಟೊದಲ್ಲಿ ಶುರುವಾದದ್ದು

ಈ 'ಸಕ್ರಿಯ ನಿಗಾ' ಎಂಬ ಪದ್ಧತಿಗೆ ಮೂವತ್ತು ವರ್ಷದ ಇತಿಹಾಸವಿದೆ. ಪಿಎಸ್‌ಎ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1986ರಲ್ಲಿ ಅನುಮತಿ ಕೊಟ್ಟದ್ದು ಕ್ಯಾನ್ಸರ್ ಇರುವವರ ಮೇಲೆ ನಿಗಾ ಇಡಲು. 1994ರಲ್ಲಿ ಕ್ಯಾನ್ಸರ್ ಪತ್ತೆಗೂ ಅನುಮತಿ ಸಿಕ್ಕಿತು. ಅಲ್ಲಿಂದ ಲಕ್ಷಾಂತರ ಗಂಡಸರಿಗೆ ಪರೀಕ್ಷೆಯಾಗಿ, ಸಣ್ಣ ಸಣ್ಣ ಕ್ಯಾನ್ಸರ್‌ಗಳು ಸಿಕ್ಕಿ, ಸಿಕ್ಕಿದ್ದಕ್ಕೆಲ್ಲ ಆಪರೇಷನ್ ಅಥವಾ ರೇಡಿಯೇಷನ್ ನಡೆಯಿತು. 1970ರಲ್ಲಿ ಪ್ರಾಸ್ಟೇಟ್ ಆ್ಯಂಟಿಜನ್ ಕುರಿತು ಮೊದಲು ಬರೆದವರಲ್ಲೊಬ್ಬರಾದ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಸಾಮೂಹಿಕ ಪರೀಕ್ಷೆಯ ವಿರುದ್ಧ ಕಟುವಾಗಿ ಬರೆದರು.

ಅದಕ್ಕಿಂತ ಮೊದಲೇ, 1995ರಲ್ಲಿ, ಕೆನಡಾದ ಟೊರಾಂಟೊದ ಸನ್ನಿಬ್ರುಕ್ ಆಸ್ಪತ್ರೆಯಲ್ಲಿ ಲಾರೆನ್ಸ್ ಕ್ಲಾಟ್ಜ್ ಎಂಬ ಯೂರಾಲಜಿಸ್ಟ್ ಬೇರೆ ದಾರಿ ಹಿಡಿದರು. ಅಪಾಯ ಕಡಿಮೆ ಇರುವವರಿಗೆ ಚಿಕಿತ್ಸೆ ಕೊಡದೆ ನೋಡುತ್ತಾ ಹೋಗುವುದು, ರೋಗ ತಲೆ ಎತ್ತಿದರೆ ಮಾತ್ರ ಚಿಕಿತ್ಸೆ. ಆ ದಿನಗಳಲ್ಲಿ ಇದು ಹುಚ್ಚು ಸಾಹಸದಂತೆ ಕಂಡಿರಲೇಬೇಕು. 2015ರಲ್ಲಿ ಅವರ ತಂಡ 993 ಮಂದಿಯ ಲೆಕ್ಕ ಒಪ್ಪಿಸಿತು. ಅಷ್ಟು ವರ್ಷಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದಲೇ ತೀರಿಕೊಂಡವರು 15 ಜನ.

ಇದಕ್ಕಿಂತ ಗಟ್ಟಿ ಸಾಕ್ಷ್ಯ ಬ್ರಿಟನ್ನಿನದು. 'ಪ್ರೊಟೆಕ್ಟ್' ಎಂಬ ಅಧ್ಯಯನದಲ್ಲಿ 1999ರಿಂದ 2009ರವರೆಗೆ 50ರಿಂದ 69 ವರ್ಷದ 82,429 ಗಂಡಸರಿಗೆ ಪಿಎಸ್‌ಎ ಪರೀಕ್ಷೆ ಮಾಡಿದರು. 2,664 ಮಂದಿಯಲ್ಲಿ ಗ್ರಂಥಿಯೊಳಗೇ ಇರುವ ಕ್ಯಾನ್ಸರ್ ಪತ್ತೆಯಾಯಿತು. ಅವರಲ್ಲಿ 1,643 ಮಂದಿ ಚೀಟಿ ಎತ್ತಿದಂತೆ ಮೂರು ಗುಂಪಾಗಲು ಒಪ್ಪಿದರು: 545 ಮಂದಿಗೆ ನಿಗಾ, 553 ಮಂದಿಗೆ ಆಪರೇಷನ್, 545 ಮಂದಿಗೆ ರೇಡಿಯೇಷನ್. ಯೋಚಿಸಿ ನೋಡಿ, ಕ್ಯಾನ್ಸರ್ ಇದೆ ಎಂದು ಗೊತ್ತಾದ ಮನುಷ್ಯ ತನ್ನ ಚಿಕಿತ್ಸೆಯನ್ನು ಅದೃಷ್ಟಕ್ಕೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಅವರು ಒಪ್ಪಿದ್ದರಿಂದ ಇವತ್ತು ಹಾಸನದ ಒಬ್ಬ ಲೈನ್‌ಮನ್ನಿಗೆ ಉತ್ತರ ಸಿಕ್ಕಿದೆ.

15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ನಿಗಾ ಗುಂಪಿನಲ್ಲಿ 17, ಆಪರೇಷನ್ ಗುಂಪಿನಲ್ಲಿ 12, ರೇಡಿಯೇಷನ್ ಗುಂಪಿನಲ್ಲಿ 16. ಅಂದರೆ ಮೂರೂ ಕಡೆ ನೂರಕ್ಕೆ ಎರಡು ಮೂರು, ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲ ಕಾರಣಗಳಿಂದ ಸತ್ತವರು ಒಟ್ಟು 356. ಅವರಲ್ಲಿ ಈ ಕ್ಯಾನ್ಸರ್ ಕೊಂದದ್ದು 45 ಮಂದಿಯನ್ನು. ಸ್ಟೆಂಟ್ ಹಾಕಿಸಿಕೊಂಡ, ಸಕ್ಕರೆ ಕಾಯಿಲೆಯ ದೊಡ್ಡಪ್ಪನಿಗೆ ಇದರಲ್ಲಿ ಇನ್ನೊಂದು ಪಾಠವೂ ಇತ್ತು. "ಮೊದ್ಲು ಬೀಡಿ ಬಿಡಿ ಯಜಮಾನ್ರೇ" ಎಂದು ಡಾಕ್ಟರು ಹೇಳಿದ್ದು ಸುಮ್ಮನೆ ಅಲ್ಲ.

ಆದರೆ ಇದೇ ಅಧ್ಯಯನದ ಇನ್ನೊಂದು ಮುಖ ಮುಚ್ಚಿಡಬಾರದು. ರೋಗ ಮೂಳೆಗೋ ಬೇರೆ ಅಂಗಕ್ಕೋ ಹರಡಿದ್ದು ನಿಗಾ ಗುಂಪಿನಲ್ಲಿ 51 ಮಂದಿಗೆ, ಆಪರೇಷನ್ ಗುಂಪಿನಲ್ಲಿ 26, ರೇಡಿಯೇಷನ್ ಗುಂಪಿನಲ್ಲಿ 27. ನಿಗಾದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ಅಲ್ಲಿ ಗ್ಲೀಸನ್ 7 ಮತ್ತು ಮೇಲಿನವರೂ ಸೇರಿದ್ದರು, ನಿಗಾ ಎಂದರೆ ಮುಖ್ಯವಾಗಿ ಪಿಎಸ್‌ಎ ಮಾತ್ರ, ಇವತ್ತಿನ ಎಂಆರ್‌ಐ ಆಗಲಿ, ಗೊತ್ತಾದ ಅವಧಿಗೆ ಮರು ಬಯಾಪ್ಸಿ ಆಗಲಿ ಇರಲಿಲ್ಲ. ಅದೇನೇ ಇರಲಿ, ನಿಗಾ ಎಂದರೆ ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೂ ಒಂದು ಸಂಖ್ಯೆ: ನಿಗಾ ಗುಂಪಿನ ಸುಮಾರು 61 ಶೇಕಡಾ ಮಂದಿ ಆ 15 ವರ್ಷಗಳಲ್ಲಿ ಒಂದಲ್ಲ ಒಂದು ಹಂತದಲ್ಲಿ ಚಿಕಿತ್ಸೆ ಪಡೆದರು. 133 ಮಂದಿ, ಅಂದರೆ ಸುಮಾರು ಕಾಲು ಭಾಗ, ಕೊನೆಗೂ ಯಾವ ಚಿಕಿತ್ಸೆಯೂ ಇಲ್ಲದೆ ಜೀವಂತವಾಗಿದ್ದರು.

ಹಾಗಾದರೆ ಮೊದಲೇ ತೆಗೆಸಿಬಿಟ್ಟರೆ ನಷ್ಟವೇನು? ಈ ವಿಷಯ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಗ್ರಂಥಿಯ ಪಕ್ಕದಲ್ಲೇ ಮೂತ್ರ ಹಿಡಿದಿಡುವ ಸ್ನಾಯು, ಲೈಂಗಿಕ ಶಕ್ತಿಯ ನರಗಳು ಇವೆ. ಪ್ರೊಟೆಕ್ಟ್‌ನಲ್ಲಿ ಆಪರೇಷನ್ ಆದವರಲ್ಲಿ ಆರು ತಿಂಗಳಿಗೆ 46 ಶೇಕಡಾ ಮಂದಿ ಮೂತ್ರ ಸೋರುವಿಕೆಗೆ ಪ್ಯಾಡ್ ಬಳಸುತ್ತಿದ್ದರು. ಆರು ವರ್ಷದ ನಂತರವೂ 17 ಶೇಕಡಾ. ನಿಗಾ ಗುಂಪಿನಲ್ಲಿ ಆಗ ಅದು 8 ಶೇಕಡಾ. ಲೈಂಗಿಕ ಶಕ್ತಿಗೆ ಹೆಚ್ಚು ಪೆಟ್ಟು ಬಿದ್ದದ್ದೂ ಆಪರೇಷನ್ ಆದವರಿಗೇ. ರೇಡಿಯೇಷನ್ ಆದವರಲ್ಲಿ ಕೆಲವರಿಗೆ ಮಲದಲ್ಲಿ ರಕ್ತ, ಹೊಟ್ಟೆಯ ತೊಂದರೆ. ಮದುವೆಮನೆಯಲ್ಲಿ ಪಂಚೆ ಉಟ್ಟು ಓಡಾಡುವ, ಬೆಳಿಗ್ಗೆ ತೋಟಕ್ಕೆ ಹೋಗಿ ಮಧ್ಯಾಹ್ನ ಬರುವ ಮನುಷ್ಯನಿಗೆ ಪ್ಯಾಡ್ ಎಂದರೇನು ಎಂದು ಯೋಚಿಸಿ. ಜೀವ ಉಳಿಯುವುದಾದರೆ ಅದನ್ನೂ ಸಹಿಸಬಹುದು. ಉಳಿಸಲು ಜೀವಕ್ಕೆ ಅಪಾಯವೇ ಇರದಿದ್ದಾಗ ಏಕೆ ಸಹಿಸಬೇಕು ಎಂಬುದು ಪ್ರಶ್ನೆ. ಮೊದಲ ಆಸ್ಪತ್ರೆಯ ಪ್ಯಾಕೇಜ್ ಹಾಳೆಯಲ್ಲಿ ಈ ಸಾಲು ಇರಲಿಲ್ಲ.

ಯಾರಿಗೆ ಇದು ಸಲ್ಲದು

2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂಬ ಸುದ್ದಿ ಬಂದಾಗ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಗಲಾಟೆಯೋ ಗಲಾಟೆ. "ನೋಡಿ, ಅಷ್ಟು ದೊಡ್ಡ ಮನುಷ್ಯನಿಗೇ ಮೂಳೆಗೆ ಹರಡಿದೆ, ನಾವು ಸುಮ್ನೆ ಕೂತಿದೀವಿ" ಎಂದು ಅಣ್ಣ ಬರೆದ. ಬೈಡನ್ ಅವರದು ಗ್ಲೀಸನ್ 9, ಪತ್ತೆಯಾಗುವ ಹೊತ್ತಿಗೇ ಮೂಳೆಗೆ ಹೋಗಿತ್ತು. ಹೆಸರು ಒಂದೇ, ರೋಗ ಬೇರೆ ಎನ್ನುವಷ್ಟು ಅಂತರ. ಗ್ಲೀಸನ್ 8, 9, 10 ಇದ್ದವರಿಗೆ ನಿಗಾ ಪದ್ಧತಿ ಅಲ್ಲವೇ ಅಲ್ಲ. 4+3 ಬಂದವರಿಗೂ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕು. 3+4ರಲ್ಲಿ 4ರ ಪಾಲು ತೀರ ಕಡಿಮೆ ಇದ್ದು ಉಳಿದದ್ದೆಲ್ಲ ಅನುಕೂಲವಾಗಿದ್ದರೆ ಮಾತ್ರ ಕೆಲವರಿಗೆ ನಿಗಾ ಸಾಧ್ಯ. ಪಿಎಸ್‌ಎ 10ಕ್ಕಿಂತ ಕಡಿಮೆ, ಗ್ಲೀಸನ್ 6, ರೋಗ ಗ್ರಂಥಿಯೊಳಗೇ, ಇಷ್ಟಿದ್ದರೆ 'ಕಡಿಮೆ ಅಪಾಯ'ದ ಗುಂಪು. ತಾಯಿ, ಅಕ್ಕತಂಗಿಯರಿಗೆ ಎಳೆ ವಯಸ್ಸಿನಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಬಿಆರ್‌ಸಿಎ2 ಎಂಬ ಜೀನ್ ದೋಷ ಇರುವ ಗಂಡಸರಲ್ಲಿ ಈ ರೋಗ ಹೆಚ್ಚು ಉಗ್ರ, ನಿಗಾದ ಬಗ್ಗೆ ಎರಡು ಸಲ ಯೋಚಿಸಬೇಕಾಗುತ್ತದೆ.

ಇನ್ನೊಂದು ಗೊಂದಲ ಇದೆ. ಸಕ್ರಿಯ ನಿಗಾ ಬೇರೆ, ವಯಸ್ಸಾದವರಿಗೆ ಹೇಳುವ 'ಕಾದು ನೋಡುವುದು' ಬೇರೆ. ಮೊದಲನೆಯದರಲ್ಲಿ ಪರೀಕ್ಷೆ ಮೇಲೆ ಪರೀಕ್ಷೆ ಮಾಡಿ, ರೋಗ ಕೆರಳಿದ್ದು ಕಂಡರೆ ಪೂರ್ತಿ ವಾಸಿ ಮಾಡುವ ಚಿಕಿತ್ಸೆಗೆ ಹೋಗುವುದು. ಎರಡನೆಯದು ಎಂಬತ್ತರ ಆಚೆಯವರಿಗೆ, ಇಲ್ಲವೇ ಬೇರೆ ಕಾಯಿಲೆಗಳಿಂದ ಬಳಲಿದವರಿಗೆ: ಸೂಜಿ ಚುಚ್ಚಿ ಹಿಂಸೆ ಕೊಡದೆ, ನೋವೋ ಮೂತ್ರದ ತೊಂದರೆಯೋ ಬಂದರೆ ಅದಕ್ಕಷ್ಟೇ ಔಷಧ. ಅಮೆರಿಕದ ತಜ್ಞ ಸಮಿತಿಯೊಂದು 2018ರಲ್ಲಿ, 70 ದಾಟಿದವರಿಗೆ ಲಕ್ಷಣಗಳಿಲ್ಲದಿದ್ದರೆ ಪಿಎಸ್‌ಎ ತಪಾಸಣೆಯೇ ಬೇಡ ಎಂದಿತು. ನಮ್ಮ ಲ್ಯಾಬುಗಳು 'ಹಿರಿಯ ನಾಗರಿಕರ ವಿಶೇಷ ಪ್ಯಾಕೇಜ್' ಎಂದು ಅದನ್ನೇ ಮಾರುತ್ತಿವೆ. ಅಪ್ಪನಿಗೆ ಹುಟ್ಟುಹಬ್ಬದ ಉಡುಗೊರೆ ಅಂತ ಇಂಥ ಪ್ಯಾಕೇಜ್ ಬುಕ್ ಮಾಡುವ ನನ್ನ ಸಹೋದ್ಯೋಗಿಗಳಿಗೆ ನಾನು ಈಗ ಹೇಳುವುದು, ಪಿಎಸ್‌ಎ ಸಾಲಿಗೆ ಟಿಕ್ ಹಾಕುವ ಮುಂಚೆ ಅಪ್ಪನ ಜೊತೆಗೂ ಡಾಕ್ಟರ ಜೊತೆಗೂ ಒಮ್ಮೆ ಮಾತಾಡಿ.

ಸ್ವೀಡನ್ನಿನಲ್ಲಿ ಕಡಿಮೆ ಅಪಾಯದ ಗುಂಪಿನಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ನಿಗಾದಲ್ಲಿದ್ದಾರೆ. ಅಮೆರಿಕದಲ್ಲಿ 2014ರಲ್ಲಿ ಕಾಲು ಭಾಗದಷ್ಟಿದ್ದದ್ದು 2021ಕ್ಕೆ ಸುಮಾರು 60 ಶೇಕಡಾ ಆಯಿತು. ನಮ್ಮ ಪರಿಸ್ಥಿತಿ ತಲೆಕೆಳಗು. ಬೆಂಗಳೂರು, ದೆಹಲಿಯಂಥ ನಗರಗಳಲ್ಲಿ ಗಂಡಸರ ಪ್ರಮುಖ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಆದರೆ ಬಹಳಷ್ಟು ಮಂದಿ ಬೆನ್ನುಮೂಳೆ ನೋವು ಅಂತ ಬಂದಾಗ ಪತ್ತೆಯಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಒಂದು ಕಡೆ ಬೇಗ ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತಿಲ್ಲ. ಇನ್ನೊಂದು ಕಡೆ ಚೆಕಪ್ಪಿಗೆ ದುಡ್ಡಿರುವವರಲ್ಲಿ ಸಿಕ್ಕ ಸಣ್ಣದಕ್ಕೂ ಕತ್ತರಿ. ಇದರ ನಡುವೆ ಇನ್ಶೂರೆನ್ಸ್. ನಮ್ಮ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಹಣ ಕೊಡುತ್ತವೆ. ಲಕ್ಷಗಟ್ಟಲೆಯ ಆಪರೇಷನ್ ಕ್ಯಾಶ್‌ಲೆಸ್ ಆಗಿ ಮುಗಿಯುತ್ತದೆ, ಆರು ತಿಂಗಳಿಗೊಮ್ಮೆಯ ರಕ್ತಪರೀಕ್ಷೆ, ಎಂಆರ್‌ಐ ಮಾತ್ರ ಕೈಯಿಂದ. ಮನೆಯವರು ಆಪರೇಷನ್ ಕಡೆ ವಾಲುವುದರಲ್ಲಿ ಭಯದಷ್ಟೇ ಪಾಲು ಈ ಲೆಕ್ಕಕ್ಕೂ ಇದೆ.

ಮೂರು ವರ್ಷದ ನಂತರ

ದೊಡ್ಡಪ್ಪನ ಪಿಎಸ್‌ಎ 6.6, 7.1, 5.9, 6.8, 7.4, 7.0 ಎಂದು ಸಾಗಿದೆ. 7.4 ಬಂದ ದಿನ ಅಣ್ಣ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. ನಾನು ಇವನ್ನೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ ಗೆರೆ ಎಳೆದು ಇಟ್ಟಿದ್ದೇನೆ. ಒಂದೊಂದೇ ಸಂಖ್ಯೆ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ, ಗೆರೆ ನೋಡಿದರೆ ಅದು ಸುಮ್ಮನೆ ಮೇಲೆ ಕೆಳಗೆ ಆಡುತ್ತಿದೆ ಎಂದು ಗೊತ್ತಾಗುತ್ತದೆ. ಡಾಕ್ಟರೂ ನೋಡುವುದು ಗೆರೆಯನ್ನೇ. ವರ್ಷದ ಬಯಾಪ್ಸಿಯಲ್ಲಿ ಒಂದೇ ಎಳೆಯಲ್ಲಿ ಅದೇ 3+3. ಮೊನ್ನೆಯ ಎಂಆರ್‌ಐನಲ್ಲಿ ಮಚ್ಚೆ ಇದ್ದ ಹಾಗೇ ಇದೆ. ಮುಂದೆ ಚಿಕಿತ್ಸೆ ಬೇಕಾಗಬಹುದು, ಬೇಡವಾಗಲೂಬಹುದು. ಮರು ಬಯಾಪ್ಸಿಯಲ್ಲಿ ಗ್ರೇಡ್ ಏರಿದರೆ, ಎಂಆರ್‌ಐನಲ್ಲಿ ಮಚ್ಚೆ ಬೆಳೆದರೆ, ಪಿಎಸ್‌ಎ ಬೇಗ ಬೇಗ ದುಪ್ಪಟ್ಟಾದರೆ ಅವತ್ತು ಆಪರೇಷನ್ನೋ ರೇಡಿಯೇಷನ್ನೋ ನೋಡೋಣ ಎಂದು ಮೊದಲೇ ಮಾತಾಗಿದೆ. ಎಪ್ಪತ್ತೈದು ದಾಟಿದ ಮೇಲೆ ಬಯಾಪ್ಸಿ ನಿಲ್ಲಿಸುವ ಮಾತೂ ಬಂದಿದೆ.

ಅವರಿಗೆ ಸುಲಭವಾಗಿಲ್ಲ, ನಿಜ. ಪರೀಕ್ಷೆಯ ಹಿಂದಿನ ವಾರ ಊಟ ಸೇರುವುದಿಲ್ಲ, ದೊಡ್ಡಮ್ಮನ ಮೇಲೆ ರೇಗಾಟ. ರಿಪೋರ್ಟ್ ಬಂದ ಮಾರನೆಯ ದಿನ ಮತ್ತೆ ತೆಂಗಿನ ತೋಟದ ಲೆಕ್ಕ. "ಲೈನ್‌ನಾಗೆ ಎಲ್ಲೋ ಸಣ್ಣ ಲೀಕೇಜ್ ಐತೆ ಅಂತ ಇಡೀ ಊರ್ ಕರೆಂಟ್ ತೆಗೀತಿದ್ವಾ ಮಗ? ರೀಡಿಂಗ್ ನೋಡ್ಕಂಡು ಓಡಾಡ್ತಿದ್ವಿ" ಎಂದು ಈಗ ಊರಿನವರಿಗೆ ಅವರೇ ಹೇಳುತ್ತಾರಂತೆ.

ಇದೇ ದಾರಿಯಲ್ಲಿರುವ ಮನೆಗಳಿಗೆ ಉಪಯೋಗವಾಗಲಿ ಎಂದು ನಮಗೆ ಓಡಾಡಿ ತಿಳಿದ ಕೆಲವು ಸಂಗತಿ. ಪಿಎಸ್‌ಎಯನ್ನು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಬೇರೆ ಬೇರೆ ಲ್ಯಾಬಿನ ಯಂತ್ರಗಳ ಸಂಖ್ಯೆ ಹೊಂದುವುದಿಲ್ಲ. ಮೂತ್ರದ ಸೋಂಕು ಆಗಿದ್ದರೆ ವಾಸಿಯಾಗಿ ಆರು ವಾರ ಆಗಲಿ. ಪರೀಕ್ಷೆಗೆ ಎರಡು ದಿನ ಮುಂಚೆ ಸೈಕಲ್, ದಾಂಪತ್ಯ ಎರಡೂ ಬೇಡ. ಮೂತ್ರ ಸರಾಗವಾಗಲೆಂದು ಕೊಡುವ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಗಳನ್ನು ಕೆಲವು ತಿಂಗಳು ನುಂಗಿದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಾಕ್ಟರಿಗೆ ಹೇಳದಿದ್ದರೆ ಸುಳ್ಳು ಸಮಾಧಾನವಾಗುತ್ತದೆ. ದೊಡ್ಡಪ್ಪ ಊರಿನ ಮೆಡಿಕಲ್ ಶಾಪಿನಿಂದ ತರುತ್ತಿದ್ದ ಮಾತ್ರೆಯ ಪಟ್ಟಿಯನ್ನು ಡಾಕ್ಟರು ಕೇಳಿ ಕೇಳಿ ನೋಡಿದ್ದು ಇದಕ್ಕೇ.

ಕೊನೆಯದಾಗಿ ಬಯಾಪ್ಸಿಯ ಮಾತು. ಎಲ್ಲರೂ ರಿಪೋರ್ಟಿನ ಕಾಗದ ಜೋಪಾನ ಮಾಡುತ್ತಾರೆ. ಕಾಗದಕ್ಕಿಂತ ಮುಖ್ಯ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕು. ಗ್ಲೀಸನ್ ಅಂಕ ಕೊಡುವುದು ಒಬ್ಬ ಮನುಷ್ಯನ ಕಣ್ಣು. ಇನ್ನೊಬ್ಬ ಪೆಥಾಲಜಿಸ್ಟ್ ನೋಡಿದರೆ 6 ಎಂದದ್ದು 7 ಆಗಬಹುದು, 7 ಎಂದದ್ದು 6 ಆಗಬಹುದು. ನಿಗಾವೋ ಆಪರೇಷನ್ನೋ ಎಂದು ತೀರ್ಮಾನಿಸುವ ಮುಂಚೆ ಅವನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಎರಡನೆಯವರಿಗೆ ತೋರಿಸಿ. ನಮಗೆ ಅವು ಸಿಗಲು ಅರ್ಜಿ ಬರೆದು, ಮೂರು ದಿನ ಕಾದು, ರಸೀದಿಗೆ ಸಹಿ ಹಾಕಬೇಕಾಯಿತು. ಈಗ ಬಟ್ಟೆಯಲ್ಲಿ ಸುತ್ತಿ, ಹಳೆ ಬಿಸ್ಕತ್ ಡಬ್ಬಿಯೊಳಗೆ, ದೊಡ್ಡಮ್ಮನ ಬೀರುವಿನಲ್ಲಿವೆ.